ಕಾಯುವುದು

ರಾತ್ರಿ ಎರಡು ಹತ್ತು. ಸಾರೆಮಾ ದ್ವೀಪದಲ್ಲಿ
ಮೈನಸ್ ಹತ್ತೊಂಬತ್ತು.
ಹೆಲ್ದುರನ ಫೋನು ದಿಂಬಿನಡಿ ಗುರ್ರೆಂದಿತು:
ಏಳನೇ ಪೆಟ್ಟಿಗೆ, ಎಂಬತ್ತೈದು ಡಿಗ್ರಿ.

ಎಂಬತ್ತೈದಕ್ಕೆ ಮೇಣ ಕರಗಿ ಹರಿಯುತ್ತದೆ,
ಜೇನು ನೀರಾಗುತ್ತದೆ, ಹುಳ...
ಹೇಳುವುದು ಬೇಡ.
ಮುದುಕ ಪಾಯಿಜಾಮದ ಮೇಲೇ ಕೋಟು ಎಳೆದುಕೊಂಡು
ಮೊಣಕಾಲುದ್ದ ಹಿಮದಲ್ಲಿ ಹೋದ.
ಮುಚ್ಚಳ ತೆಗೆಯಲಿಲ್ಲ. ತೆಗೆದಿದ್ದರೆ
ಸುಳ್ಳು ಸುದ್ದಿಯೇ ಅವುಗಳನ್ನು ಕೊಲ್ಲುತ್ತಿತ್ತು.
ಹಲಗೆಗೆ ಕಿವಿ ಹಚ್ಚಿ, ಬೆರಳಿಂದ ಒಮ್ಮೆ ಕುಟ್ಟಿದ.
ಝುಂ ಎಂದು ಎದ್ದು ಹಾಗೇ ತಗ್ಗಿತು ದನಿ.

ಬೆಳಿಗ್ಗೆ ತಾರ್ತುವಿಗೆ ಕರೆ:
"ಮಾರಿಕಾ, ನಿನ್ನ ಯಂತ್ರದ ಲೆಕ್ಕದಲ್ಲಿ
ನನ್ನ ಹುಳಗಳು ಬೆಂದು ಆರು ಗಂಟೆಯಾಯಿತು."
ಡ್ರೈವರ್ ಬರೆದವಳು ನಾನು. ಕಾಫಿ ತಣ್ಣಗಾಯಿತು.

ಆ ಸೆನ್ಸರಿಗೆ ಬೇರೆ ಅಡುಗೆಮನೆಯಿಲ್ಲ,
ಮಾತಾಡುವ ತಂತಿಯಿಂದಲೇ ಊಟ.
'ಅಳೆ' ಎಂದು ಹೇಳಿ ಮುಗಿಸಿದ
ಹತ್ತು ಮೈಕ್ರೋಸೆಕೆಂಡಿನೊಳಗೆ
ತಂತಿಗೆ ಪೂರಾ ಬಲ ಬಿಡಬೇಕು.
ರೆಪ್ಪೆ ಒಮ್ಮೆ ಬಡಿದೇಳುವುದರೊಳಗೆ
ಇಂಥ ಹತ್ತುಗಳು ಹತ್ತು ಸಾವಿರ ಕಳೆದಿರುತ್ತವೆ.
ತಡವಾದರೆ ಅದಕ್ಕೆ ತಲೆಸುತ್ತು.
ಎಚ್ಚೆತ್ತ ಮೇಲೆ ಏನು ಕೇಳಿದರೂ
ಹುಟ್ಟುವಾಗ ಬಾಯಲ್ಲಿಟ್ಟು ಕಳಿಸಿದ ಅಂಕಿ:
ಎಂಬತ್ತೈದು.
ಸುಳ್ಳಲ್ಲ ಅದು. ಹಣ್ಣಾಗುವ ಮೊದಲೇ
ನಾವು ಕಿತ್ತುಕೊಂಡ ಕಾಯಿ.

ತಡ ಮಾಡಿದ್ದು ರೇಡಿಯೋ.
ದಿನದ ಲೆಕ್ಕ ಒಪ್ಪಿಸುವ ಹೊತ್ತಿಗೆ ಬಂದು
ನನ್ನ ಎರಡು ಸಾಲುಗಳ ನಡುವೆ ಕದ ತಟ್ಟಿದೆ.
ಪ್ರೊಸೆಸರ್ ಸಂಭಾವಿತ;
ಇಂಟರಪ್ಟ್ ಬಂತೆಂದರೆ ಕೈಯಲ್ಲಿದ್ದುದನ್ನು ಕೆಳಗಿಟ್ಟು ಏಳುತ್ತದೆ.
ನಲವತ್ತು ಮೈಕ್ರೋಸೆಕೆಂಡು ಹೊಸ್ತಿಲಲ್ಲೇ ಮಾತು.
ಅಷ್ಟರಲ್ಲಿ ಏಳನೇ ಪೆಟ್ಟಿಗೆಯಲ್ಲೊಬ್ಬ
ಹಸಿವಿನಿಂದ ಬಿದ್ದಿದ್ದ.

ತಾರ್ವಿ ಅಂದ: "ಎಂಬತ್ತೈದು ಬಂದರೆ ಬಿಸಾಡು.
ಒಂದೇ ಸಾಲು. ಊಟಕ್ಕೆ ಮೊದಲೇ ಮುಗಿಯುತ್ತೆ."
ಬರೆದೆ. ಅಳಿಸಿದೆ.
ಸಿಟ್ಟು ಬಂದು, ಅಳೆದು ಮುಗಿಯುವ ಮುಕ್ಕಾಲು ಸೆಕೆಂಡೂ
ಕದಕ್ಕೆ ಅಗುಳಿ ಜಡಿದು
ಎವೆಯಿಕ್ಕದೆ ಕೂತು ನೋಡಿದೆ.
ಬೋರ್ಡು ಬೆಚ್ಚಗಾಯಿತು. ರೇಡಿಯೋ ಮುನಿಸಿಕೊಂಡಿತು.
ಗಡಿಯಾರ ಹಿಂದೆ ಬಿತ್ತು.

ಶನಿವಾರ ಹಡಗು ಹತ್ತಿ ದ್ವೀಪಕ್ಕೆ ಹೋದೆ.
ಹೆಲ್ದುರನ ಕಿವಿಯ ತುದಿ ಇನ್ನೂ ಕೆಂಪು.
"ಚಳಿಯಲ್ಲಿ ಇವು ಹಾರೋದಿಲ್ಲ," ಎಂದ,
"ರೆಕ್ಕೆ ಸುಮ್ಮನಿಟ್ಟು ಮೈ ಮಾತ್ರ ನಡುಗಿಸ್ತಾವೆ.
ನಡುವೆ ರಾಣಿ. ಹೊರಗಿನವು ಒಳಗೆ, ಒಳಗಿನವು ಹೊರಗೆ.
ಸರದಿ ಯಾರು ಕರೀತಾರೋ,
ನಲವತ್ತು ವರ್ಷ ನೋಡಿದೀನಿ, ಗೊತ್ತಾಗಿಲ್ಲ."
"ಹಾಗಾದರೆ ಏನು ಮಾಡ್ತಿವೆ ಈಗ?"
"ಕಾಯ್ತಿವೆ."
ವಸಂತಕ್ಕೋ, ರಾಣಿಯನ್ನೋ,
ಬರೀ ಮೈಯೋ, ಕೇಳಲಿಲ್ಲ ನಾನು.

ಮರಳುವಾಗ ಹಡಗಿನ ಕ್ಯಾಂಟೀನಿನಲ್ಲಿ ಬರೆದದ್ದಿಷ್ಟು:
ಕೊನೆಯ ಬಿಟ್ಟಿನಿಂದ ಬಲ ಬಿಡುವ ತನಕ
ಕದ ಮುಚ್ಚು, ಕಣ್ಣು ತೆರೆದೇ ಕಾಯು.
ಆಮೇಲೆ ಕದ ತೆಗೆ,
ತಂತಿಯ ಬೀಗದಕೈ ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡು
ಮುಕ್ಕಾಲು ಸೆಕೆಂಡು ಮಲಗು.
ರೇಡಿಯೋ ಬರಲಿ, ಡಿಸ್ಕು ಬರಲಿ, ಅವರವರ ಕೆಲಸ ಅವರವರಿಗೆ.
ಅಗುಳಿ ಹಾಕಿದ್ದ ಹೊತ್ತು, ಎಲ್ಲ ಸೇರಿ,
ಎಪ್ಪತ್ತು ಮೈಕ್ರೋಸೆಕೆಂಡು.
ಅದಕ್ಕಿಂತ ಹೆಚ್ಚು ಕೇಳಲು ನನಗೇ ಸಂಕೋಚ.

ಫೆಬ್ರವರಿ. ಎರಡು ಹತ್ತು. ನಿದ್ದೆ ಬರಲಿಲ್ಲ.
ಪರದೆಯ ಮೇಲೆ ಏಳನೇ ಪೆಟ್ಟಿಗೆ:
ಇಪ್ಪತ್ತೊಂದೂವರೆ.
ಹೆಲ್ದುರನಿಗೆ ಯಾವ ಸುದ್ದಿಯೂ ಹೋಗಲಿಲ್ಲ.
ಎರಡು ಹದಿನೈದಕ್ಕೆ ಅವನದೇ ಬಂತು:
"ಕಿವಿ ಹಚ್ಚಿ ಬಂದೆ. ಸರಿ ಇದೆ. ಮಲಗು."